ಹೆಸರು ಪಡೆದ ಸೈಕಲ್ಲುಗಳು

ಸೈಕಲ್ಲಿಗೆ ಮನುಷ್ಯರಿಗಿಡುವಂಥ ಹೆಸರಿಟ್ಟು ಕರೆಯುವ ರೂಢಿ ಸೈಕಲ್ಲಿನಷ್ಟು ಹಳೆಯದಲ್ಲ. ಎರಡು ಚಕ್ರದ ಮೊದಲ ಯಂತ್ರ ರಸ್ತೆಗಿಳಿದದ್ದು 1817ರಲ್ಲಿ. ಸವಾರರು ತಮ್ಮ ತಮ್ಮ ಸೈಕಲ್ಲಿಗೆ ಹೆಸರಿಟ್ಟ ಪ್ರಸಿದ್ಧ ಉದಾಹರಣೆಗಳು ಸಿಗುವುದು 1890ರ ದಶಕದಿಂದ ಈಚೆಗೆ. ನಡುವಿನ ಮುಕ್ಕಾಲು ಶತಮಾನದಲ್ಲಿ ಸೈಕಲ್ಲಿಗೆ ಹೆಸರುಗಳೇನೂ ಕಡಿಮೆ ಇರಲಿಲ್ಲ. ಆದರೆ ಅವು ಬೀದಿಯ ಜನ ಇಟ್ಟ ಅಡ್ಡಹೆಸರುಗಳು, ಇಲ್ಲವೆ ಕಾರ್ಖಾನೆಯವರು ಮಾರಾಟಕ್ಕೆಂದು ಇಟ್ಟವು. ಸವಾರಿ ಮಾಡುವವರು ತಾವೇ ಹೆಸರಿಡುವ ಹೊತ್ತಿಗೆ ಸೈಕಲ್ಲು ಎಷ್ಟೋ ರೂಪ ಬದಲಿಸಿತ್ತು.

ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರ ಜೂನ್ 12ರಂದು ಮಾನ್‌ಹೈಮ್ ಪಟ್ಟಣದಿಂದ ಹೊರಟು ತನ್ನ ಮರದ ಓಟದ ಯಂತ್ರವನ್ನು ಊರಾಚೆ ಓಡಿಸಿ ತೋರಿಸಿದ. ಅದಕ್ಕೆ ಪೆಡಲ್ ಇರಲಿಲ್ಲ. ಸವಾರ ಅದರ ಮೇಲೆ ಕೂತು ನೆಲವನ್ನು ಕಾಲಿನಿಂದ ಒದ್ದು ಮುಂದಕ್ಕೆ ಹೋಗಬೇಕಿತ್ತು. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರದೆ, ಓಟ್ಸ್ ಬೆಳೆ ಹಾಳಾಗಿ ಕುದುರೆ ಸಾಕುವುದು ದುಬಾರಿಯಾದದ್ದೇ ಈ ಯಂತ್ರಕ್ಕೆ ಪ್ರೇರಣೆ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಪ್ರೇರಣೆ ಏನೇ ಇರಲಿ, ಜನ ಅದನ್ನು ಕಂಡದ್ದು ಕುದುರೆಯ ಬದಲಿಯಾಗಿಯೇ. 1819ರಲ್ಲಿ ಡೆನಿಸ್ ಜಾನ್ಸನ್ ಎಂಬಾತ ಲಂಡನ್ನಿನಲ್ಲಿ ಅದರ ಸುಧಾರಿಸಿದ ರೂಪವನ್ನು ಮಾರತೊಡಗಿದಾಗ ಜನ ಅದನ್ನು 'ಹಾಬಿ ಹಾರ್ಸ್' ಎಂದರು, ಶೋಕಿಲಾಲರು ಏರುತ್ತಾರೆಂದು 'ಡ್ಯಾಂಡಿ ಹಾರ್ಸ್' ಎಂದೂ ಕರೆದರು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಚಕ್ರಕ್ಕೆ ಪೆಡಲ್ ಜೋಡಿಸಿದ ಸೈಕಲ್ಲು ಬಂತು. ಅದರ ಕುಲುಕಾಟಕ್ಕೆ ಇಂಗ್ಲೆಂಡಿನಲ್ಲಿ 'ಬೋನ್‌ಶೇಕರ್' ಎಂಬ ಹೆಸರು ಬಿತ್ತು. ಕಲಿಸಲು ತೆರೆದ ಶಾಲೆಗಳೂ ಕುದುರೆ ಸವಾರಿಯ ಶಾಲೆಗಳ ಮಾದರಿಯಲ್ಲೇ ಇದ್ದವು. ಸೀಟಿಗೆ ಇಂಗ್ಲಿಷಿನಲ್ಲಿ ಇಂದಿಗೂ ಇರುವುದು ಕುದುರೆಯ ಜೀನಿನ ಹೆಸರೇ. ಮುಂದೆ ಸವಾರರು ಹೆಸರು ಹುಡುಕುವಾಗ ಮತ್ತೆ ಮತ್ತೆ ಕುದುರೆಗಳ ಕಡೆಗೇ ಹೋಗುವುದರ ಬೇರು ಇಲ್ಲಿದೆ.

ಕಾರ್ಖಾನೆಯ ಹೆಸರುಗಳ ಕಾಲ ಶುರುವಾದದ್ದು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ. 1870ರಲ್ಲಿ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ ತಂತಿ ಕಡ್ಡಿಗಳ ಎತ್ತರದ ಸೈಕಲ್ಲಿಗೆ 'ಏರಿಯಲ್' ಎಂದು ಹೆಸರಿಟ್ಟರು. ಸ್ಟಾರ್ಲಿಯ 'ಸಾಲ್ವೊ' ಎಂಬ ತ್ರಿಚಕ್ರವನ್ನು 1881ರಲ್ಲಿ ವಿಕ್ಟೋರಿಯಾ ರಾಣಿ ತರಿಸಿಕೊಂಡ ಮೇಲೆ ಅದು 'ರಾಯಲ್ ಸಾಲ್ವೊ' ಆಯಿತು. 1885ರಲ್ಲಿ ಸ್ಟಾರ್ಲಿಯ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ, ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳ, ಹಿಂಚಕ್ರಕ್ಕೆ ಚೈನಿದ್ದ ಸೈಕಲ್ಲು 'ರೋವರ್'. ಇಂದಿನ ಸೈಕಲ್ಲುಗಳೆಲ್ಲ ಅದರ ಸಂತತಿ. ನಾಟಿಂಗ್‌ಹ್ಯಾಮಿನ ರ್ಯಾಲಿ ಕಂಪನಿಯ ಹೆಸರಿನ ದಾರಿ ಇನ್ನೂ ಸುತ್ತಿನದು. ಸರ್ ವಾಲ್ಟರ್ ರ್ಯಾಲಿ ಎಂಬ ನಾವಿಕನ ಹೆಸರು ಒಂದು ಬೀದಿಗೆ ಬಂದು, ಆ ಬೀದಿಯಲ್ಲಿದ್ದ ಸಣ್ಣ ಕಾರ್ಯಾಗಾರದಿಂದ ಸೈಕಲ್ಲಿಗೆ ಇಳಿಯಿತು.

ಇವೆಲ್ಲ ಸಾವಿರಾರು ಸೈಕಲ್ಲುಗಳಿಗೆ ಒಟ್ಟಾಗಿ ಅನ್ವಯಿಸುವ ಹೆಸರುಗಳು. ಎತ್ತರದ ಚಕ್ರದ ಕಾಲದಲ್ಲಿ ಹೆಸರಿಡುವ ಉಮೇದು ಇರಲಿಲ್ಲವೆಂದಲ್ಲ, ಅದು ಬೇರೆ ದಿಕ್ಕಿಗೆ ಹರಿದಿತ್ತು. 1870ರ ಜೂನ್‌ನಲ್ಲಿ, ಚಾರ್ಲ್ಸ್ ಡಿಕೆನ್ಸ್ ತೀರಿಕೊಂಡ ಕೆಲವೇ ದಿನಗಳಿಗೆ, ಲಂಡನ್ನಿನಲ್ಲಿ 'ಪಿಕ್‌ವಿಕ್ ಬೈಸಿಕಲ್ ಕ್ಲಬ್' ಹುಟ್ಟಿತು. ಅದರ ಪ್ರತಿ ಸದಸ್ಯನಿಗೂ ಡಿಕೆನ್ಸನ ಪಿಕ್‌ವಿಕ್ ಕಾದಂಬರಿಯ ಒಂದೊಂದು ಪಾತ್ರದ ಹೆಸರು ಕೊಡುವ ಪದ್ಧತಿ ಬಂತು. ಕ್ಲಬ್ಬೂ ಪದ್ಧತಿಯೂ ಈಗಲೂ ಇವೆ. ಅಲ್ಲಿ ಸವಾರರಿಗೆ ಹೆಸರು ಬಂತೇ ಹೊರತು ಸೈಕಲ್ಲಿಗೆ ಬರಲಿಲ್ಲ. ಎತ್ತರದ ಸೈಕಲ್ಲು ಯುವಕರ ಕ್ರೀಡೆಯ ಸಾಧನವಾಗಿತ್ತು. ಬಿದ್ದರೆ ತಲೆ ಕೆಳಗಾಗಿ ಬೀಳುವ ಆ ಯಂತ್ರದ ಮೇಲೆ ಸಾಹಸ ಮೆರೆಯಬಹುದಿತ್ತು. ದಿನನಿತ್ಯದ ಒಡನಾಟಕ್ಕೆ ಅದು ಒಗ್ಗುವಂಥದಲ್ಲ. ರೋವರ್ ಬಂದು, 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರು ರೂಪಿಸಿದ ಮೇಲೆ ಸೈಕಲ್ಲು ನಡುವಯಸ್ಸಿನವರಿಗೂ ಹೆಂಗಸರಿಗೂ ಸಿಕ್ಕಿತು. ಹೆಸರಿಡುವ ರೂಢಿ ಕಣ್ಣಿಗೆ ಬೀಳುವುದು ಈ ಹೊಸ ಸವಾರರ ನಡುವೆ.

ಅವರಲ್ಲಿ ಎಲ್ಲರಿಗಿಂತ ಮುಖ್ಯಳು ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್. 1839ರಲ್ಲಿ ಹುಟ್ಟಿದ ಈಕೆ 1879ರಿಂದ ಅಲ್ಲಿನ ಕ್ರೈಸ್ತ ಮಹಿಳೆಯರ ಪಾನವಿರೋಧಿ ಸಂಘದ ಅಧ್ಯಕ್ಷೆ, ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದವಳು. 1892ರಲ್ಲಿ ತಾಯಿ ತೀರಿಕೊಂಡು, ಕೆಲಸದ ಹೊರೆಯಿಂದ ಬಳಲಿ, ಇಂಗ್ಲೆಂಡಿನಲ್ಲಿ ಗೆಳತಿ ಲೇಡಿ ಹೆನ್ರಿ ಸಾಮರ್ಸೆಟ್ ಮನೆಯಲ್ಲಿ ಉಳಿದಿದ್ದಾಗ ಆ ಗೆಳತಿಯೇ ಒಂದು ಸೈಕಲ್ಲನ್ನು ಉಡುಗೊರೆ ಕೊಟ್ಟಳು. ಆಗ ವಿಲ್ಲರ್ಡ್‌ಗೆ ಐವತ್ತು ದಾಟಿತ್ತು. ಸೈಕಲ್ಲಿಗೆ ಆಕೆ ಇಟ್ಟ ಹೆಸರು 'ಗ್ಲಾಡಿಸ್'. ಅದರ ಓಟದ ಉಲ್ಲಾಸ ದೇಹಕ್ಕೂ ಮನಸ್ಸಿಗೂ ತಂದ ಗೆಲುವೇ ಆ ಹೆಸರಿಗೆ ಕಾರಣವೆಂದು ಆಕೆಯೇ ಬರೆದಿದ್ದಾಳೆ.

ಕಲಿಕೆಯ ಕತೆಯನ್ನು ವಿಲ್ಲರ್ಡ್ 1895ರಲ್ಲಿ ಪುಟ್ಟ ಪುಸ್ತಕವಾಗಿ ಪ್ರಕಟಿಸಿದಳು. ಮೊದಲು ಮೂವರು ಗಟ್ಟಿ ಆಳುಗಳಂಥ ತರುಣರು ಸೈಕಲ್ಲನ್ನು ಹಿಡಿದು ನಿಂತರೆ ಆಕೆ ಅಂಜುತ್ತ ಹತ್ತಿದ್ದು, ಆಮೇಲೆ ಇಬ್ಬರು ಹೆಂಗಸರು ಆ ಕಡೆ ಈ ಕಡೆ ಆತುಕೊಂಡದ್ದು, ಆಮೇಲೆ ಒಬ್ಬಳೇ ಪಕ್ಕದಲ್ಲಿ ನಡೆಯುತ್ತ ಹ್ಯಾಂಡಲ್ ಹಿಡಿದದ್ದು, ಕೊನೆಗೆ ಯಾರೂ ಮುಟ್ಟದಿದ್ದರೂ ಹತ್ತಿರದಲ್ಲಿ ನಿಂತಿದ್ದರೆ ಸಾಕು ಎನಿಸಿದ್ದು, ಹೀಗೆ ಹಂತಹಂತವಾಗಿ ಹೇಳುತ್ತಾಳೆ. ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಮೂರು ತಿಂಗಳು ಹಿಡಿಯಿತು. ಜನವರಿ 20ರಂದು ಯಾರ ಆಸರೆಯೂ ಇಲ್ಲದೆ ತಾನೇ ಹತ್ತಿ ಹೊರಟದ್ದು ಆಕೆಗೆ ಮರೆಯಲಾಗದ ದಿನ. ಈ ಬರಹದಲ್ಲಿ ಗ್ಲಾಡಿಸ್ ಒಂದು ವಸ್ತುವಲ್ಲ. ಅವಳಿಗೆ ಸ್ವಭಾವವಿದೆ, ಹಟವಿದೆ, ಸವಾರಳ ಅಂಜಿಕೆಯನ್ನು ಥಟ್ಟನೆ ಹಿಡಿಯುವ ಬುದ್ಧಿಯಿದೆ. ಅವಳನ್ನು ಒಲಿಸಿಕೊಳ್ಳಬೇಕು, ಹೆದರಿದರೆ ಕೆಡವುತ್ತಾಳೆ. ಹದಿನಾರು ತುಂಬುವ ತನಕ ವಿಸ್ಕಾನ್ಸಿನ್‌ನ ಹೊಲಗಳಲ್ಲಿ ಓಡಾಡಿಕೊಂಡಿದ್ದು, ಆಮೇಲೆ ಉದ್ದನೆಯ ಲಂಗದೊಳಗೆ ಕಟ್ಟಿಹಾಕಿಸಿಕೊಂಡವಳು ವಿಲ್ಲರ್ಡ್. ಓಡಾಟದ ಸ್ವಾತಂತ್ರ್ಯವನ್ನು ಮರಳಿ ತಂದುಕೊಟ್ಟ ಜೊತೆಗಾತಿಗೆ ಹೆಣ್ಣಿನ ಹೆಸರು ಇಟ್ಟದ್ದು ಸಹಜವಾಗಿಯೇ ಇದೆ. ಹೆಂಡದಂಗಡಿಯ ಸಂಗಕ್ಕೆ ಬದಲಾಗಿ ಸೈಕಲ್ಲಿನ ಸಂಗ ಬೆಳೆಯಲಿ ಎಂಬ ಆಸೆಯೂ ಆಕೆಗಿತ್ತು. 1898ರಲ್ಲಿ ಆಕೆ ತೀರಿಕೊಂಡಳು. ಗ್ಲಾಡಿಸ್ ಇಂದಿಗೂ ಇಲಿನಾಯ್ ರಾಜ್ಯದ ಇವಾನ್‌ಸ್ಟನ್‌ನಲ್ಲಿರುವ ಆಕೆಯ ಮನೆಯ ಸಂಗ್ರಹಾಲಯಕ್ಕೆ ಸೇರಿದ ಆಸ್ತಿ. ಹೆಸರೊಂದು ಸೈಕಲ್ಲನ್ನು ಗುಜರಿಯಿಂದ ಉಳಿಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ದಶಕದಲ್ಲಿ ಇಂಗ್ಲೆಂಡಿನ ಲೇಖಕರು ಕಲಾವಿದರ ನಡುವೆ ಸೈಕಲ್ಲಿನ ಗೀಳು ಹಬ್ಬಿತು. ಕಾದಂಬರಿಕಾರ ಥಾಮಸ್ ಹಾರ್ಡಿಯ ಹೆಂಡತಿ ಎಮ್ಮಾ ತನ್ನ ಹಸಿರು ಸೈಕಲ್ಲನ್ನು ಮಿಡತೆ ಎಂಬರ್ಥದ 'ಗ್ರಾಸ್‌ಹಾಪರ್' ಎಂದು ಕರೆಯುತ್ತಿದ್ದಳು. ಸಂಗೀತ ರಚನಕಾರ ಎಡ್ವರ್ಡ್ ಎಲ್ಗರ್ 1900ರಲ್ಲಿ ಸೈಕಲ್ ಕಲಿತು, ವುಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ಕಾರ್ಖಾನೆಯ 'ರಾಯಲ್ ಸನ್‌ಬೀಮ್' ಕೊಂಡ. ಸನ್‌ಬೀಮ್ ಆ ಕಾಲದ ಅತ್ಯುತ್ತಮ ಸೈಕಲ್ಲುಗಳಲ್ಲಿ ಒಂದು. ಅದರ ಚೈನು ಎಣ್ಣೆ ತುಂಬಿದ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿದ್ದುದರಿಂದ ಧೂಳು ಕೆಸರು ತಾಕುತ್ತಿರಲಿಲ್ಲ. ಎಲ್ಗರ್ ಕಂಪನಿಯ ಹೆಸರಿನಲ್ಲಿದ್ದ ಸೂರ್ಯಕಿರಣದ ಎಳೆ ಹಿಡಿದು ಗ್ರೀಕರ ಸೂರ್ಯದೇವನ ಹೆಸರನ್ನೇ ಅದಕ್ಕೆ ಕೊಟ್ಟು, ಮುಂದೆ ಗೌರವಕ್ಕೊಂದು 'ಮಿಸ್ಟರ್' ಸೇರಿಸಿ, 'ಮಿಸ್ಟರ್ ಫೀಬಸ್' ಎಂದು ಕರೆದ. ಮಾಲ್ವರ್ನ್ ಬೆಟ್ಟಗಳ ಸುತ್ತಣ ಹಳ್ಳಿದಾರಿಗಳಲ್ಲಿ, ಆಮೇಲೆ ಹೆರೆಫರ್ಡ್ ಸುತ್ತಮುತ್ತ ಅವನ ಸುತ್ತಾಟ ನಡೆಯಿತು. ಇಂದು ಹೆರೆಫರ್ಡ್ ಕೆಥೀಡ್ರಲ್ ಅಂಗಳದಲ್ಲಿರುವ ಎಲ್ಗರ್ ಪ್ರತಿಮೆ ಸೈಕಲ್ಲಿಗೆ ಒರಗಿ ನಿಂತಿದೆ. ಕಂಪನಿಯ ಹೆಸರನ್ನು ಬಿಸಾಡದೆ ಅದರಿಂದಲೇ ಸ್ವಂತದ ಹೆಸರನ್ನು ಕಡೆದು ತೆಗೆಯುವ ಈ ಬಗೆ ಬಹಳ ಸೊಗಸಿನದು.

ಮೊದಲ ಮಹಾಯುದ್ಧದ ನಂತರ ಯೂರೋಪಿನಲ್ಲಿ ಸೈಕಲ್ಲು ಕೂಲಿಕಾರರ, ಗುಮಾಸ್ತರ ಮಾಮೂಲಿ ವಾಹನವಾಯಿತು, ಉಳ್ಳವರು ಮೋಟಾರಿನತ್ತ ತಿರುಗಿದರು. ಹೆಸರಿಟ್ಟ ಸೈಕಲ್ಲು ಮತ್ತೆ ದೊಡ್ಡದಾಗಿ ಕಾಣಿಸಿಕೊಂಡದ್ದು ಒಂಟಿಯಾಗಿ ದೇಶ ದೇಶ ದಾಟುವ ಪ್ರವಾಸಿಗಳ ಬರಹದಲ್ಲಿ.

ಐರ್ಲೆಂಡಿನ ಲಿಸ್ಮೋರಿನ ಡರ್ವ್ಲಾ ಮರ್ಫಿಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಸಿಕ್ಕದ್ದು ಒಂದು ಸೈಕಲ್ಲು, ಒಂದು ಅಟ್ಲಾಸು. ಊರಿನ ಹತ್ತಿರದ ಏರು ಹತ್ತುತ್ತಿದ್ದಾಗ, ಹೀಗೇ ತುಳಿಯುತ್ತ ಹೋದರೆ ಇಂಡಿಯಾ ಸೇರಬಹುದಲ್ಲ ಎಂದು ಆ ಹುಡುಗಿಗೆ ಹೊಳೆಯಿತು. ಅದನ್ನು ನಡೆಸಿದ್ದು ಮೂವತ್ತೊಂದರ ವಯಸ್ಸಿನಲ್ಲಿ. ಹಾಸಿಗೆ ಹಿಡಿದ ತಾಯಿಯ ಆರೈಕೆ ಅಲ್ಲಿಯ ತನಕ ಆಕೆಯನ್ನು ಮನೆಯಲ್ಲಿ ನಿಲ್ಲಿಸಿತ್ತು. 1961ರಲ್ಲಿ ಕೊಂಡಿದ್ದ ಆರ್ಮ್‌ಸ್ಟ್ರಾಂಗ್ ಕಡೆಟ್ ಎಂಬ ಗಂಡಸರ ಸೈಕಲ್ಲಿಗೆ ಮರ್ಫಿ ಇಟ್ಟ ಹೆಸರು 'ರೊಸಿನಾಂಟೆ', ಕರೆಯುವುದು 'ರಾಜ್'. ಸರ್ವಾಂಟಿಸ್‌ನ ಕಾದಂಬರಿಯಲ್ಲಿ ಡಾನ್ ಕ್ವಿಕ್ಸಾಟ್ ತನ್ನ ಬಡಕಲು ಕುದುರೆಗೆ ನಾಲ್ಕು ದಿನ ಯೋಚಿಸಿ ಇಟ್ಟ ಹೆಸರದು. 1960ರಲ್ಲಿ ಅಮೆರಿಕ ಸುತ್ತಲು ಹೊರಟ ಜಾನ್ ಸ್ಟೈನ್‌ಬೆಕ್ ತನ್ನ ಟ್ರಕ್ಕಿಗೂ ಇದೇ ಹೆಸರಿಟ್ಟಿದ್ದ. ಲೋಕ ನಗುವಂಥ ಪ್ರಯಾಣಕ್ಕೆ ಗಂಭೀರವಾಗಿ ಹೊರಟವರಿಗೆ ಈ ಹೆಸರು ತಾನಾಗಿ ಒದಗಿ ಬರುತ್ತದೆ.

ರಾಜ್‌ನ ತೂಕ 37 ಪೌಂಡು, ಅಂದರೆ ಸುಮಾರು ಹದಿನೇಳು ಕಿಲೊ. ಏಷ್ಯಾದ ರಸ್ತೆಗಳಲ್ಲಿ ಕೆಟ್ಟು ಕೂರುತ್ತದೆಂದು ಮೂರು ಗೇರುಗಳ ಸಲಕರಣೆಯನ್ನು ಮರ್ಫಿ ಮೊದಲೇ ಕಳಚಿಸಿದ್ದಳು. 1963ರ ಜನವರಿ 14ರಂದು, ಯೂರೋಪು ಹಿಮದಲ್ಲಿ ಹೂತುಹೋಗಿದ್ದ ಚಳಿಗಾಲದಲ್ಲಿ, ಡಂಕರ್ಕಿನಿಂದ ಹೊರಟು ಯುಗೊಸ್ಲಾವಿಯಾ, ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಜುಲೈ ಹೊತ್ತಿಗೆ ದೆಹಲಿ ಸೇರಿದಳು. ಬಾಬುಸರ್ ಕಣಿವೆಯ ಹಿಮದಲ್ಲಿ ರಾಜ್ ಅವಳನ್ನು ಹೊರಲಿಲ್ಲ, ಅವಳೇ ರಾಜ್‌ನನ್ನು ಹೊರಬೇಕಾಯಿತು. 1965ರಲ್ಲಿ ಹೊರಬಂದ 'ಫುಲ್ ಟಿಲ್ಟ್' ಪುಸ್ತಕದಲ್ಲಿ ಪ್ರಯಾಣ ಮಾಡಿದವರು ಇಬ್ಬರು ಎಂಬ ಧಾಟಿ ಉದ್ದಕ್ಕೂ ಇದೆ. ತಿಂಗಳುಗಟ್ಟಲೆ ತನ್ನ ಭಾಷೆ ಬಲ್ಲವರು ಸಿಗದ ದಾರಿಯಲ್ಲಿ, ಹೆಸರು ಹಿಡಿದು ಮಾತಾಡಿಸಲು ಒಂದು ಜೀವ ಬೇಕೆನಿಸುವುದು ಸಹಜ. ಇದೇ ಮರ್ಫಿ 1970ರ ದಶಕದಲ್ಲಿ ಐದು ವರ್ಷದ ಮಗಳೊಂದಿಗೆ ಕೊಡಗಿಗೆ ಬಂದು ಉಳಿದು, ಆ ಅನುಭವವನ್ನು 1976ರಲ್ಲಿ ಪುಸ್ತಕವಾಗಿಸಿದಳು. ಆ ಪ್ರವಾಸದಲ್ಲಿ ಜೊತೆಗಿದ್ದದ್ದು ಮಗಳು, ಸೈಕಲ್ಲಲ್ಲ. ಅರವತ್ತು ದಾಟಿದ ಮೇಲೆ ಕೀನ್ಯಾದಿಂದ ಜಿಂಬಾಬ್ವೆಗೆ ತುಳಿದ ಸೈಕಲ್ಲಿನ ಹೆಸರು 'ಲಿಯರ್'. 2022ರಲ್ಲಿ ಆಕೆ ತೀರಿಕೊಂಡಳು.

ಮರ್ಫಿಯ ನಂತರ ಲೋಕ ಸುತ್ತುವ ಸವಾರರಲ್ಲಿ ಸೈಕಲ್ಲಿಗೆ ಹೆಸರಿಡುವುದು ಸಾಮಾನ್ಯವಾಯಿತು. 2001ರಿಂದ ನಾಲ್ಕು ವರ್ಷ ಭೂಮಿ ಸುತ್ತಿದ ಇಂಗ್ಲೆಂಡಿನ ಆಲಸ್ಟರ್ ಹಂಫ್ರೀಸ್‌ನ ಸೈಕಲ್ಲು 'ರೀಟಾ'. 2012ರಲ್ಲಿ ಲೋಕಪ್ರದಕ್ಷಿಣೆಯ ದಾಖಲೆ ಮಾಡಿದ ಜೂಲಿಯಾನಾ ಬೂರಿಂಗ್ ತನ್ನದಕ್ಕೆ ಗ್ರೀಕ್ ಪುರಾಣದ ರೆಕ್ಕೆಯ ಕುದುರೆ 'ಪೆಗಸಸ್' ಹೆಸರಿಟ್ಟಳು. ಸೈಕಲ್ಲು, ಕಯಾಕು, ಹುಟ್ಟುದೋಣಿಗಳಲ್ಲಿ ಲೋಕ ಸುತ್ತಲು 2011ರಲ್ಲಿ ಲಂಡನ್ನಿನಿಂದ ಹೊರಟ ಸಾರಾ ಔಟನ್‌ಳ ಸೈಕಲ್ಲು 'ಹರ್ಕ್ಯುಲಿಸ್'. ಕಾದಂಬರಿಗಳೂ ಹಿಂದೆ ಬೀಳಲಿಲ್ಲ. ಸ್ಟೀಫನ್ ಕಿಂಗ್‌ನ 1986ರ 'ಇಟ್' ಕಾದಂಬರಿಯ ಹುಡುಗನ ಸೈಕಲ್ಲು 'ಸಿಲ್ವರ್', ಅದೂ ಒಬ್ಬ ಜನಪ್ರಿಯ ಕಥಾನಾಯಕನ ಕುದುರೆಯ ಹೆಸರೇ.

ದಾಖಲೆಗಾಗಿ ಕಟ್ಟಿದ ಸೈಕಲ್ಲುಗಳಲ್ಲಿ ಹೆಸರಿಗೆ ಇನ್ನೊಂದು ನೆಲೆಯಿದೆ, ಅಲ್ಲಿ ಹೆಸರಿಡುವವನು ಕಟ್ಟಿದವನೂ ಹೌದು. ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀ ತಾನೇ ಬೆಸುಗೆ ಹಾಕಿ ತಯಾರಿಸಿದ ಸೈಕಲ್ಲಿಗೆ ನಂಬಿಕಸ್ಥ ಹಳೆಯ ಗೆಳೆಯ ಎಂಬ ಧ್ವನಿಯ 'ಓಲ್ಡ್ ಫೇತ್‌ಫುಲ್' ಎಂದು ಹೆಸರಿಟ್ಟ. ಅದರ ಬೇರಿಂಗುಗಳು ಬಟ್ಟೆ ಒಗೆಯುವ ಯಂತ್ರದಿಂದ ಬಿಚ್ಚಿದವು. ಪೆಡಲುಗಳ ನಡುವಿನ ಅಂತರ ಕಿರಿದು, ಕೈಗಳನ್ನು ಎದೆಯ ಕೆಳಗೆ ಮಡಚಿಕೊಂಡು ತುಳಿಯುವ ವಿಚಿತ್ರ ಭಂಗಿ. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ದಾಖಲೆ ಆಗ ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಹೆಸರಿನಲ್ಲಿತ್ತು, 1984ರಲ್ಲಿ 51.151 ಕಿಲೊಮೀಟರ್. 1993ರ ಜುಲೈ 16ರಂದು ನಾರ್ವೆಯ ಹಾಮರ್‌ನಲ್ಲಿ ಒಬ್ರೀ ತನ್ನ ಸೈಕಲ್ಲಿನ ಮಾದರಿಯಲ್ಲಿ ಬೇರೆಯವರು ನಯವಾಗಿ ಮಾಡಿಕೊಟ್ಟ ಪ್ರತಿರೂಪದ ಮೇಲೆ ಪ್ರಯತ್ನಿಸಿ ಸೋತ. ಮಾರನೆಯ ಬೆಳಿಗ್ಗೆ, ಕಾಲಿನ ನೋವು ಆರುವ ಮುಂಚೆಯೇ, ಓಲ್ಡ್ ಫೇತ್‌ಫುಲ್ ಏರಿ 51.596 ಕಿಲೊಮೀಟರ್ ತುಳಿದು ದಾಖಲೆ ಮುರಿದ. ಆರು ದಿನಗಳಲ್ಲೇ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನು ದಾಟಿದ, ಮುಂದಿನ ವರ್ಷ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಒಬ್ರೀಯ ಭಂಗಿಯನ್ನೇ ನಿಷೇಧಿಸಿತು. ಆದರೂ ಒಂದು ರಾತ್ರಿಯ ಅಂತರದಲ್ಲಿ ನಡೆದ ಆ ಎರಡು ಸವಾರಿಗಳಿಂದ ಆ ಹೆಸರು ಸೈಕ್ಲಿಂಗ್ ಚರಿತ್ರೆಯಲ್ಲಿ ಅಳಿಯದೆ ಉಳಿದಿದೆ.

ಅಮೆರಿಕದ ಸ್ಟೀವನ್ ರಾಬರ್ಟ್ಸ್ 1983ರಲ್ಲಿ ಮಲಗಿದ ಭಂಗಿಯ ಸೈಕಲ್ಲಿಗೆ ಕಂಪ್ಯೂಟರು, ಸೌರಫಲಕ ಕಟ್ಟಿಕೊಂಡು ಅಲೆಮಾರಿಯಾದ. ಅದರ ಹೆಸರು 'ವಿನೆಬಿಕೊ'. ನಂತರದ ದೈತ್ಯರೂಪಕ್ಕೆ ಬೈಬಲಿನ ಮಹಾಮೃಗದ ಹೆಸರು, 'ಬೆಹೆಮತ್'. 580 ಪೌಂಡು ತೂಗುವ ಅದು ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಚರಿತ್ರೆಯ ಸಂಗ್ರಹಾಲಯದಲ್ಲಿದೆ. 2016ರಲ್ಲಿ ನೆವಾಡಾದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 144.17 ಕಿಲೊಮೀಟರ್ ವೇಗ ಮುಟ್ಟಿದ ಕೆನಡಾದ ಮುಚ್ಚುಸೈಕಲ್ಲು 'ಈಟಾ' ಎಂಜಿನಿಯರುಗಳು ದಕ್ಷತೆಗೆ ಬಳಸುವ ಗ್ರೀಕ್ ಅಕ್ಷರದ ಹೆಸರನ್ನು ಹೊತ್ತಿದೆ.

ಭಾರತಕ್ಕೆ ಸೈಕಲ್ಲು ಬಂದದ್ದು ಕಂಪನಿಯ ಹೆಸರಿನೊಂದಿಗೆ. ರ್ಯಾಲಿ, ಹಂಬರ್, ಹರ್ಕ್ಯುಲಿಸ್, ಬಿಎಸ್‌ಎ, ಫಿಲಿಪ್ಸ್ ಎಲ್ಲವೂ ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದಿಳಿದವು. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೊ ಶುರುವಾದವು. ಕನ್ನಡ ನಾಡಿನ ಹಳ್ಳಿಗಳಲ್ಲಿ ಸೈಕಲ್ಲು ಅಪರೂಪದ ಆಸ್ತಿಯಾಗಿದ್ದಾಗ ಕಂಪನಿಯ ಹೆಸರೇ ಅದರ ಹೆಸರು. ಮದುವೆಯ ಮಾತುಕತೆಯಲ್ಲಿ ವರನಿಗೆ ವಾಚು, ರೇಡಿಯೊ ಜೊತೆ ಕೇಳುತ್ತಿದ್ದುದು ಬರೀ ಸೈಕಲ್ಲನ್ನಲ್ಲ, 'ರ್ಯಾಲಿ ಸೈಕಲ್ಲ'ನ್ನು. ಹ್ಯಾಂಡಲ್ಲಿನ ಕೆಳಗೆ ಬಕದ ತಲೆಯ ಬಿಲ್ಲೆ ಇದ್ದರೆ ಅದರ ಗತ್ತೇ ಬೇರೆ. ಊರಿಗೆ ಒಂದೋ ಎರಡೋ ಸೈಕಲ್ಲಿದ್ದ ಕಾಲದಲ್ಲಿ 'ಮೇಷ್ಟ್ರ ಸೈಕಲ್ಲು', 'ಶಾನುಭೋಗರ ಸೈಕಲ್ಲು' ಎಂದರೆ ಗುರುತು ಸಿಗುತ್ತಿತ್ತು. ಒಡೆಯನ ಹೆಸರಿನಿಂದ ಸೈಕಲ್ಲು ಗುರುತಾದ ಕಡೆ ಅದಕ್ಕೆ ಇನ್ನೊಂದು ಹೆಸರಿನ ಅಗತ್ಯ ಬರಲಿಲ್ಲ.

ಇಲ್ಲಿ ಕರೆಯುವ ಹೆಸರು ಸಲ್ಲುತ್ತಿದ್ದುದು ಜೀವವಿದ್ದವಕ್ಕೆ. ಕೊಟ್ಟಿಗೆಯ ಜೋಡೆತ್ತು ರಾಮ ಲಕ್ಷ್ಮಣ, ಹಸು ಗೌರಿ, ದಸರಾ ಆನೆಗಳು ಬಲರಾಮ, ದ್ರೋಣ, ಅರ್ಜುನ. ಸೈಕಲ್ಲಿಗೆ ಹೆಸರಿನ ಬದಲು ಪೂಜೆ ಸಂದಿತು. ಆಯುಧ ಪೂಜೆಯ ಬೆಳಿಗ್ಗೆ ಅದನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ಕಡ್ಡಿ ಕಡ್ಡಿಯ ನಡುವಿನ ಕೆಸರನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಸುತ್ತಿ, ವಿಭೂತಿ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಒಂದು ಸಲ ಮುಂದಕ್ಕೆ ತಳ್ಳುವ ಕ್ರಮ ಇಂದಿಗೂ ಇದೆ. ಚೈನ್ ಕವರಿನ ಮೇಲೆ, ಹಿಂದಿನ ಮಡ್‌ಗಾರ್ಡಿನ ಮೇಲೆ ಪೇಂಟಿನಲ್ಲಿ ಬರೆಸುತ್ತಿದ್ದುದು ಮನೆದೇವರ ಹೆಸರನ್ನು, ಇಲ್ಲವೆ ಒಡೆಯನ ಹೆಸರನ್ನು. ಲಾರಿಗಳೂ ಕರಾವಳಿಯ ಖಾಸಗಿ ಬಸ್ಸುಗಳೂ ಹೆಸರು ಹೊತ್ತು ಓಡುವುದು ಇದೇ ಸಂಪ್ರದಾಯದ ದೊಡ್ಡ ರೂಪ. ಬಜಾಜ್ ಕಂಪನಿ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರನ್ನು ಸ್ಕೂಟರಿಗಿಟ್ಟು 'ಚೇತಕ್' ಮಾಡಿದಾಗ, ಕುದುರೆಯಿಂದ ವಾಹನಕ್ಕೆ ಹೆಸರು ದಾಟಿಸುವ ಯೂರೋಪಿನ ರೂಢಿಗೆ ಇಲ್ಲಿಯೂ ಒಂದು ಜೊತೆ ಸಿಕ್ಕಿತು.

ಹೆಸರಿಲ್ಲದ ಸೈಕಲ್ಲುಗಳ ಚರಿತ್ರೆಯೂ ಇದರ ಭಾಗವೇ. ಪಟ್ಟಣದ ಸೈಕಲ್ ಶಾಪುಗಳಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ಕೊಡುತ್ತಿದ್ದವಕ್ಕೆ ಮಡ್‌ಗಾರ್ಡಿನ ಮೇಲೆ ಬರೆದ ಅಂಕಿಯೇ ಗುರುತು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದು ಕಲಿತ ಮಕ್ಕಳು ತಮಗೆ ಒಗ್ಗಿದ ಸೈಕಲ್ಲನ್ನು ಆ ಅಂಕಿಯಿಂದಲೇ ಕೇಳುತ್ತಿದ್ದರು. ಯಾರದೂ ಅಲ್ಲದ ಸೈಕಲ್ಲು ಎಂಬ ಆದರ್ಶವನ್ನು 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೋವೊ ಎಂಬ ತರುಣರ ಗುಂಪು ಬೀದಿಗೆ ತಂದಿತು. ಎಲ್ಲಕ್ಕೂ ಬಿಳಿ ಬಣ್ಣ ಬಳಿದು, ಬೇಕಾದವರು ಬಳಸಲೆಂದು ಬೀಗ ಹಾಕದೆ ಬಿಟ್ಟರು. ಒಡೆಯನಿಲ್ಲದ್ದಕ್ಕೆ ಹೆಸರಿಡುವವರೂ ಇರಲಿಲ್ಲ. ಲಂಡನ್ನಿನಲ್ಲಿ 2010ರಲ್ಲಿ ಶುರುವಾದ ಸಾರ್ವಜನಿಕ ಸೈಕಲ್ಲುಗಳನ್ನು ಜನ ಆಗಿನ ಮೇಯರ್ ಬೋರಿಸ್ ಜಾನ್ಸನ್ ಹೆಸರಿನಿಂದ 'ಬೋರಿಸ್ ಬೈಕ್' ಎಂದು ಕರೆದರು. ಅದೂ ಇಡೀ ಹಿಂಡಿಗೆ ಸಂದ ಹೆಸರು. ಮೈಸೂರಿನಲ್ಲಿ 2017ರಲ್ಲಿ ಬಂದ ಯೋಜನೆಗೆ ಸೈಕಲ್ ಬೆಲ್ಲಿನ ಸದ್ದನ್ನೇ ಹೆಸರಾಗಿಸಿ 'ಟ್ರಿಣ್ ಟ್ರಿಣ್' ಎಂದರು. ಒಂದು ನಿಲ್ದಾಣದಲ್ಲಿ ಕಾರ್ಡು ತೋರಿಸಿ ತೆಗೆದುಕೊಂಡ ಸೈಕಲ್ಲನ್ನು ಇನ್ನೊಂದು ನಿಲ್ದಾಣದಲ್ಲಿ ಬಿಟ್ಟು ಹೋಗುವ ಸವಾರನಿಗೆ ಮರುದಿನ ಅದೇ ಸೈಕಲ್ಲು ಸಿಗುವ ಭರವಸೆಯಿಲ್ಲ.